ಎಡಕ್ಕೆ ವಾಲುವ ವಿಮಾನ

ಮೂವತ್ತೊಂದು ಸಾವಿರ ಅಡಿ ಎತ್ತರದಲ್ಲಿ ವಿಮಾನ ಮತ್ತೆ ಎಡಕ್ಕೆ ವಾಲತೊಡಗಿದಾಗ ಲಕ್ಷ್ಮೀಕಾಂತನಿಗೆ ಮೊದಲು ನೆನಪಾದದ್ದು ಒಲೆಯ ಮೇಲಿದ್ದ ಹಾಲು. ಸ್ನಾನಕ್ಕೆ ಹೋಗುವಾಗ ಹೆಂಡತಿ ಮಂಜುಳ ನೋಡಿಕೊಳ್ಳಿ ಎಂದಿದ್ದಳು, ಇವನು ಹೂಂ ಎಂದಿದ್ದ. ಯಾರು ಏನು ಹೇಳಿದರೂ ಹೂಂ ಎನ್ನುವುದು ಅವನಿಗೆ ಉಸಿರಾಡಿದಷ್ಟೇ ಸಲೀಸು. ನಲವತ್ತೇಳು ವರ್ಷದ ತನ್ನ ಬಾಳಿನ ಮುಕ್ಕಾಲು ತೊಂದರೆಗೆ ಈ ಒಂದು ಅಕ್ಷರವೇ ಕಾರಣವೆಂದು ಒಮ್ಮೊಮ್ಮೆ ಅನ್ನಿಸುವುದೂ ಉಂಟು. ಕಂಪ್ಯೂಟರಿನ ಪರದೆಯ ಮೇಲೆ ಆಟೊಪೈಲಟ್ಟಿನ ಹಸಿರು ದೀಪ ಉರಿಯುತ್ತಿತ್ತು. ನೀನು ಸುಮ್ಮನಿರು, ನೇರ ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು ಎಂದು ಯಂತ್ರವೂ ಹೂಂಗುಟ್ಟಿಯಾಗಿತ್ತು. ಆದರೂ ದಿಗಂತದ ಗೆರೆ ಓರೆಯಾಗುತ್ತ ಹೋಯಿತು, ಮೊದಲು ಕೂದಲೆಳೆಯಷ್ಟು, ಆಮೇಲೆ ಎದ್ದು ಕಾಣುವಷ್ಟು. ಟಣ್ ಟಣ್ ಎಂದು ಎಚ್ಚರಿಕೆಯ ಸದ್ದಾಗಿ ಹಸಿರು ದೀಪ ಆರಿತು. ಇವನು ಗಾಬರಿಯಲ್ಲಿ ಜಾಯ್‌ಸ್ಟಿಕ್ಕನ್ನು ಬಲಕ್ಕೆ ಎಳೆದ, ಅದು ಅತಿಯಾಯಿತು, ಎಡಕ್ಕೆ ತಂದ, ಅದೂ ಅತಿಯಾಯಿತು. ನೂರಾ ಎಂಬತ್ತು ಸೀಟಿನ ವಿಮಾನ ಮೂಗು ಕೆಳಗೆ ಮಾಡಿ ನಾಗಪುರದ ಹತ್ತಿರ ಯಾವುದೋ ಹೊಲದ ಕಡೆ ಇಳಿಯುತ್ತಿದ್ದಾಗ ಅಡುಗೆಮನೆಯಿಂದ ಹಾಲು ಸೀದ ವಾಸನೆ ಬಂತು.

"ಬಿತ್ತಾ?" ಎಂದಳು ಹಿಂದೆ ಕೂತಿದ್ದ ಅಮ್ಮ, ರಂಗಮ್ಮ.

"ಬಿತ್ತು."

"ಹಂಗಾದ್ರೆ ನಾನು ಎದ್ದೇಳ್ಬೋದಾ? ಹೂವಿನೋಳು ಬರೋ ಹೊತ್ತಾಯ್ತು."

ರಂಗಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಹಾಸ್ಟೆಲ್ಲಿನಲ್ಲಿರುವ ಮೊಮ್ಮಗಳ ಹಳೆಯ ಹಳದಿ ಕರಾಟೆ ಬೆಲ್ಟನ್ನು ಸೊಂಟಕ್ಕೂ ಕುರ್ಚಿಗೂ ಸೇರಿಸಿ ಗಂಟು ಹಾಕಿಕೊಂಡಿದ್ದಳು. ಕಾಲ ಬಳಿ ಕೋಡುಬಳೆಯ ಡಬ್ಬಿಯಿದ್ದ ಬ್ಯಾಗು. ಕಾರ್ತಿಕ ಮಾಸದಲ್ಲಿ ಕಾಶಿ ನೋಡಬೇಕೆಂದು ಅವಳು ಮೂರು ವರ್ಷದಿಂದ ಹೇಳುತ್ತಿದ್ದಳು. ರೈಲಿನಲ್ಲಿ ಎರಡು ರಾತ್ರಿ ಕೂರಲು ಮಂಡಿ ಒಪ್ಪದು. ಈ ಗುರುವಾರ ಬೆಳಿಗ್ಗೆಯ ವಿಮಾನಕ್ಕೆ ತಾಯಿ ಮಗನಿಗೆ ಟಿಕೆಟ್ ಆಗಿತ್ತು. ಆಮೇಲೆ ಇವನು ಅಮ್ಮನಿಗೆ, ಮೊದಲ ಸಲ ಹತ್ತುತ್ತೀಯ, ಸ್ವಲ್ಪ ಅಭ್ಯಾಸ ಆಗಲಿ, ದಿನಾ ನನ್ನ ಹಿಂದೆ ಕೂತುಕೋ ಎಂದಿದ್ದ. ಅಭ್ಯಾಸ ಬೇಕಾಗಿದ್ದದ್ದು ಯಾರಿಗೆಂದು ಅವಳು ಕೇಳಲಿಲ್ಲ. ಹೀಗೆ ಎರಡು ವಾರದಲ್ಲಿ ಅವನ ಬೆನ್ನ ಹಿಂದೆ ಕೂತು ಹನ್ನೊಂದು ಸಲ ಕೆಳಗೆ ಬಿದ್ದು, ಹನ್ನೊಂದು ಸಲವೂ ಬೆಲ್ಟು ಬಿಚ್ಚಿಕೊಂಡು ಎದ್ದುಹೋಗಿ ಸೊಪ್ಪು ಬಿಡಿಸಿದ್ದಳು. ಲಕ್ಷ್ಮೀಕಾಂತ ಅವಳನ್ನು ಇನ್ನೂ ಒಂದು ಸಲ ಸಾಯಿಸಿದ್ದ. ಅದು ಅವಳಿಗೆ ಗೊತ್ತಿಲ್ಲವೆಂದೇ ಅವನ ನಂಬಿಕೆ.

ಹಾಲಿನ ಪಾತ್ರೆ ತಿಕ್ಕುತ್ತ ಅವನು ಮತ್ತೆ ಅದೇ ಲೆಕ್ಕಾಚಾರಕ್ಕೆ ಬಿದ್ದ. ಎಡ ರೆಕ್ಕೆಯ ಟ್ಯಾಂಕಿನಲ್ಲಿ ಇಂಧನ ಜಾಸ್ತಿಯಿದೆಯೇ ಎಂದು ನೋಡಿಯಾಗಿತ್ತು, ಎರಡೂ ಸಮ. ಗಾಳಿಯನ್ನು ಪೂರ್ತಿ ನಿಲ್ಲಿಸಿಯೂ ನೋಡಿದ್ದ. ಬೇಕೆಂದಾಗ ಗಾಳಿಯನ್ನೇ ನಿಲ್ಲಿಸಬಹುದಾದ ಒಂದು ಲೋಕವಿದೆ ಎನ್ನುವುದೇ ಅವನಿಗೆ ಪರದೆಯ ಮೇಲೆ ವಿಮಾನ ಹಾರಿಸುವ ಈ ಸಿಮ್ಯುಲೇಟರಿನ ಹುಚ್ಚು ಹಿಡಿಸಿದ್ದು. ಇಡೀ ಪ್ರೋಗ್ರಾಮನ್ನು ತೆಗೆದು ಹೊಸದಾಗಿ ಹಾಕಿದ್ದ. ಆದರೂ ಎಡಕ್ಕೆ. ಇದೊಂದು ಆಟ, ಬಿಟ್ಟು ಎದ್ದರೆ ಮುಗಿಯಿತು, ಎನ್ನುವಂತೆಯೂ ಇರಲಿಲ್ಲ. ವಿಮಾನ ಹೇಗೆ ಹಾರುತ್ತದೆ ಎಂದು ಗೊತ್ತಾದರೆ ಭಯ ಹೋಗುತ್ತದೆಂದು ನಂಬಿ ಅವನು ಇದನ್ನು ಕಲಿಯಲು ಕೂತಿದ್ದ. ಬೆಂಗಳೂರಿನಿಂದ ಕಾಶಿಯವರೆಗೆ ಒಂದೇ ಒಂದು ಸಲ ಬೀಳದೆ ಹೋದರೆ ಗುರುವಾರ ಹತ್ತುವುದು, ಇಲ್ಲದಿದ್ದರೆ ಬುಧವಾರ ಸಂಜೆ ಸೊಂಟ ಹಿಡಿದುಕೊಂಡಿತೆಂದು ಮಲಗಿಬಿಡುವುದು ಎಂದು ತನ್ನೊಳಗೆ ತೀರ್ಮಾನಿಸಿದ್ದ. ಮಲಗುವಾಗ ಯಾವ ಮಗ್ಗುಲಿಗೆ ನರಳಬೇಕು ಎನ್ನುವುದನ್ನೂ ಯೋಚಿಸಿಟ್ಟಿದ್ದ. ಇವತ್ತು ಭಾನುವಾರ.

ಜಾಯ್‌ಸ್ಟಿಕ್ಕಿನ ವಯರನ್ನು ಸುತ್ತಿ, ಯಾರದೋ ಮದುವೆಯ ತಾಂಬೂಲದ ಚೀಲದಲ್ಲಿ ಹಾಕಿಕೊಂಡು ಅವನು ಕುಣಿಗಲ್ ಬಸ್ಸು ಹತ್ತಿದ. ಕುಣಿಗಲ್ಲಿನಲ್ಲಿ ಸಿದ್ದಗಂಗಯ್ಯ ಎಂಬ ಹಿರಿಯರಿದ್ದರು. ಕುದುರೆ ಫಾರಮ್ಮಿನಲ್ಲಿ ಮೂವತ್ತು ವರ್ಷ ಮರಿಕುದುರೆಗಳನ್ನು ಪಳಗಿಸಿ ನಿವೃತ್ತರಾದವರು, ಈಗ ಮನೆಯಲ್ಲಿ ಕೂತು ಪರದೆಯ ಮೇಲೆ ವಿಮಾನ ಹಾರಿಸುತ್ತಾರೆ. ಸಿಮ್ಯುಲೇಟರ್ ಹುಚ್ಚಿನವರ ವಾಟ್ಸಾಪ್ ಗುಂಪಿನಲ್ಲಿ ಪರಿಚಯ. ಇವನ ದೂರು ಕೇಳಿ, ಹ್ಯಾಂಡ್ಲು ತಗೊಂಡು ಬನ್ನಿ ಎಂದಷ್ಟೇ ಹೇಳಿದ್ದರು. ಚೀಲದಿಂದ ಹೊರಗೆ ಇಣುಕುತ್ತಿದ್ದ ಕರಿಯ ಹಿಡಿಯನ್ನು ನೋಡಿ ಕಂಡಕ್ಟರು, "ಏನ್ ಸಾರ್ ಅದು, ಗೇರ್ ರಾಡಾ?" ಎಂದ. ಹೂಂ ಎಂದ ಲಕ್ಷ್ಮೀಕಾಂತ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಹೊತ್ತು ನೋಡಿ, "ಮಂಡಿಗೆ ಇಡೋ ಮಿಷನ್ನಾ ಅಣ್ಣ? ನಮ್ಮತ್ತೆಗೂ ಒಂದು ಬೇಕಿತ್ತು, ಚೆನ್ನಾಗೈತಾ?" ಎಂದಳು. ಅದಕ್ಕೂ ಹೂಂ ಎಂದ. ಹೆಬ್ಬೂರು ದಾಟುವ ಹೊತ್ತಿಗೆ ಅದು ಎಲ್ಲಿ ಸಿಗುತ್ತದೆ, ಎಷ್ಟು ಹೊತ್ತು ಇಟ್ಟುಕೊಳ್ಳಬೇಕು, ಶಾಖ ಬರುತ್ತದೆಯೇ ಎಂಬುದಕ್ಕೆಲ್ಲ ಉತ್ತರ ಹೇಳಿ ಬೆವೆತುಹೋಗಿದ್ದ. ಸುಳ್ಳು ಹೇಳಬೇಕೆಂದು ಅವನು ಎಂದೂ ಹೊರಟವನಲ್ಲ. ಮೊದಲ ಹೂಂ ಬಾಯಿಂದ ಬೀಳುತ್ತದೆ, ಉಳಿದದ್ದೆಲ್ಲ ಅದನ್ನು ಕಾಪಾಡಲು ಹೇಳಬೇಕಾಗಿ ಬರುತ್ತದೆ.

ಮೂರು ವರ್ಷದ ಹಿಂದೆ ಆವತ್ತೂ ಹಾಗೆಯೇ ಆದದ್ದು. ವಸಂತನರಸಾಪುರದಲ್ಲಿ ಅವನು ಶಿಫ್ಟ್ ಸೂಪರ್‌ವೈಸರ್ ಆಗಿರುವ ಬಾಟಲಿ ಮುಚ್ಚಳದ ಕಾರ್ಖಾನೆಗೆ ಹೊಸ ಯಂತ್ರ ಬರುವುದಿತ್ತು, ತರಬೇತಿಗೆ ಪುಣೆಗೆ ಹೋಗುತ್ತೀರಾ ಎಂದು ಮ್ಯಾನೇಜರು ಕೇಳಿದ್ದರು, ಇವನು ಹೂಂ ಎಂದಿದ್ದ. ವಿಮಾನದಲ್ಲಿ ಹದಿನಾಲ್ಕನೆಯ ಸಾಲು, ನಡುದಾರಿಯ ಪಕ್ಕದ ಸೀಟು. ಬೆಲ್ಟು ಹಾಕಿಕೊಳ್ಳುವ ತನಕ ಸರಿಯಾಗಿತ್ತು. ಬಾಗಿಲು ಮುಚ್ಚಲು ಸಿಬ್ಬಂದಿ ಆ ಕಡೆ ನಡೆದಾಗ ಎದೆ ಒಳಗಿನಿಂದ ಗುದ್ದತೊಡಗಿ, ಅಂಗಿ ಒದ್ದೆಯಾಗಿ, ಬಾರದ ಫೋನನ್ನು ಕಿವಿಗೆ ಹಿಡಿದು ಅವನು ಎದ್ದು ನಿಂತಿದ್ದ. ಏನಾಯಿತು ಎಂದು ಗಗನಸಖಿ ಕೇಳಿದಾಗ, ಹುಷಾರಿಲ್ಲ ಎನ್ನಬಹುದಿತ್ತು, ಭಯ ಎನ್ನಬಹುದಿತ್ತು. ಬಾಯಿಗೆ ಬಂದದ್ದು, ಅಮ್ಮ ಹೋಗಿಬಿಟ್ಟರು. ಆ ಹುಡುಗಿ ಅವನ ಭುಜದ ಮೇಲೆ ಕೈಯಿಟ್ಟಳು, ಅವಳ ಕಣ್ಣಲ್ಲೇ ನೀರು ಬಂತು. ಇಳಿಯಲು ಬಿಡುತ್ತಾರೆಂಬ ನೆಮ್ಮದಿಗೆ ಇವನಿಗೂ ಅಳು ಬಂತು. ಇಡೀ ವಿಮಾನ ದಾರಿ ಬಿಟ್ಟು ನಿಂತಿತು. ಮಧ್ಯಾಹ್ನ ಎರಡೂವರೆಗೆ ಶಿರಾ ಗೇಟಿನ ಮನೆಯಲ್ಲಿ ಕೂತು ಊಟ ಮಾಡುವಾಗ ಅದೇ ಅಮ್ಮ, ಇನ್ನೊಂದು ಸೌಟು ಸಾರು ಹಾಕ್ಲಾ ಎಂದು ಕೇಳಿದ್ದಳು.

ವಿಮಾನದಲ್ಲಿ ಹೇಳಿದ್ದನ್ನೇ ಕಾರ್ಖಾನೆಗೂ ಹೇಳಬೇಕಾಯಿತು, ಕಾರ್ಖಾನೆ ಹದಿಮೂರು ದಿನ ರಜೆ ಕೊಟ್ಟಿತು. ತಾಯಿ ಸತ್ತವನು ತಲೆಗೂದಲು ಇಟ್ಟುಕೊಂಡು ಕೆಲಸಕ್ಕೆ ಹೋಗುವುದು ಹೇಗೆ? ತಲೆಯನ್ನೂ ಮೀಸೆಯನ್ನೂ ಬೋಳಿಸಿಕೊಂಡ, ದೇವರಾಯನದುರ್ಗಕ್ಕೆ ಹರಕೆಯಿತ್ತೆಂದು ಮನೆಯಲ್ಲಿ ಹೇಳಿದ. ಅದಕ್ಕೆ ಮುಂಚೆಯೇ ಅಮ್ಮನನ್ನು ಗುಬ್ಬಿಯಲ್ಲಿದ್ದ ಸೋದರಮಾವನ ಮನೆಗೆ, ಸ್ವಲ್ಪ ದಿನ ಇದ್ದು ಬಾ ಎಂದು ಸಾಗಹಾಕಿದ್ದ. ಮಂಜುಳಳಿಗೆ ಮಾತ್ರ ನಿಜ ಹೇಳಬೇಕಾಯಿತು. ಅವಳು ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ ಬಿದ್ದುಬಿದ್ದು ನಕ್ಕು, ಆಮೇಲೆ ಆ ವಿಷಯವನ್ನು ಬೇಕಾದಾಗ ಹೊರಗೆ ತೆಗೆಯಲು ಜೋಪಾನವಾಗಿ ಇಟ್ಟುಕೊಂಡಳು. ಗುಬ್ಬಿಯಿಂದ ಬಂದ ಅಮ್ಮ ಮಗನ ಬೋಳು ತಲೆಯ ಮೇಲೆ ಒಂದು ಸಲ ಅಂಗೈ ಆಡಿಸಿ, ಏನೂ ಕೇಳದೆ ಕೊಬ್ಬರಿ ಎಣ್ಣೆ ಹಚ್ಚಿದ್ದಳು. ಆ ಕೈಯ ಬಿಸಿ ಅವನಿಗೆ ಈಗಲೂ ಮರೆತುಹೋಗಿಲ್ಲ. ಮೊನ್ನೆ ಕಾಶಿಗೆಂದು ರಜೆ ಚೀಟಿ ಕೊಟ್ಟಾಗ ಸ್ಟೋರಿನ ಬೆಟ್ಟಸ್ವಾಮಿ, "ಅಮ್ಮನ ಕಾರ್ಯಕ್ಕಾ ಸಾರ್? ಪುಣ್ಯದ ಕೆಲ್ಸ" ಎಂದು ಕೈ ಮುಗಿದಿದ್ದ. ಇವನು ಹೂಂ ಎಂದಿದ್ದ.

ಸಿದ್ದಗಂಗಯ್ಯ ಜಗಲಿಯ ಮೇಲೆ ಪೇಪರು ಹಾಸಿದರು, ಆದರೆ ಜಾಯ್‌ಸ್ಟಿಕ್ಕನ್ನು ಕೂಡಲೇ ಬಿಚ್ಚಲಿಲ್ಲ. ಹಿಡಿಯನ್ನು ಎರಡು ಬೆರಳಲ್ಲಿ ಮುಟ್ಟಿ, ಬಲಕ್ಕೆ ಒತ್ತಿ ಬಿಟ್ಟರು, ಎಡಕ್ಕೆ ಒತ್ತಿ ಬಿಟ್ಟರು, ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಬಿಟ್ಟರು. "ನೋಡಿ, ಎಡಕ್ಕೆ ಹೋದದ್ದು ಪೂರ್ತಿ ವಾಪಸ್ ಬರ್ತಿಲ್ಲ. ಒಳಗೆ ಏನೋ ಅಂಟ್ಕೊಂಡದೆ," ಎಂದು ತಳದ ರಬ್ಬರನ್ನು ಎಬ್ಬಿಸಿದರು. ಸ್ಪ್ರಿಂಗಿನ ಸುತ್ತ ಒಣಗಿ ಗಟ್ಟಿಯಾದ ಕೆಂಪು. ಲಕ್ಷ್ಮೀಕಾಂತನಿಗೆ ನಿಂತಲ್ಲೇ ಎಲ್ಲ ಹೊಳೆಯಿತು. ಆಯುಧ ಪೂಜೆಯ ದಿನ ಅಮ್ಮ ಸ್ಕೂಟರು, ಮಿಕ್ಸಿ, ಈಳಿಗೆಮಣೆ ಮುಗಿಸಿ ಇವನ ಮೇಜಿಗೆ ಬಂದಿದ್ದಳು. ಕಾಶಿಗೆ ಹೋಗೋ ವಿಮಾನ ಅಲ್ವೇನೋ, ಇದಕ್ಕೆ ಬ್ಯಾಡ್ವಾ ಎಂದು ಗಂಧ ಕಲಸಿ ಕುಂಕುಮ ಒತ್ತಿ, ಬುಡಕ್ಕೆಲ್ಲ ಕೈತುಂಬ ಬಳಿದಿದ್ದಳು. ವಿಮಾನದ ಚಕ್ರ ಎಲ್ಲಿ ಎಂದು ಹುಡುಕಿ ಸಿಗದೆ, ಇವನು ಕೂರುವ ಕುರ್ಚಿಯ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕೂತ್ಕೊಂಡು ಮುಂದಕ್ಕೆ ತಳ್ಳು ಎಂದಿದ್ದಳು. ಅವನು ಕುರ್ಚಿಯ ಮೇಲೆ ಕೂತೇ ಎರಡು ನಿಂಬೆಹಣ್ಣು ಹಾಯಿಸಿದ್ದ. ಮಂಜುಳ ಅದನ್ನು ಮೊಬೈಲಿನಲ್ಲಿ ತೆಗೆದುಕೊಂಡಿದ್ದಳು.

ಇವನು ಅದನ್ನೆಲ್ಲ ಹೇಳಿದಾಗ ಸಿದ್ದಗಂಗಯ್ಯ ನಗಲಿಲ್ಲ. ಬೆರಳಿಗೆ ಅಂಟಿದ ಕೆಂಪನ್ನು ಮೊದಲು ಹಣೆಗೆ ಇಟ್ಟುಕೊಂಡು, ಆಮೇಲೆ ಉಳಿದದ್ದನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿ ತೆಗೆದರು. "ನೀವು ಆಟೊಪೈಲಟ್ ಹಾಕ್ತೀರ, ಅದು ನೇರವಾಗಿ ಹೋಗ್ತಿರ್ತದೆ. ಈ ಹಿಡಿ ನಡುಮಧ್ಯಕ್ಕೆ ಬರ್ದೆ ಒಂಚೂರು ಎಡಕ್ಕೇ ನಿಂತಿರ್ತದೆ. ವಿಮಾನಕ್ಕೇನ್ ಗೊತ್ತು? ಯಜಮಾನ್ರು ಎಡಕ್ಕೆ ಎಳೀತಾವ್ರೆ ಅಂದ್ಕೊಂತದೆ. ಸ್ವಲ್ಪ ಹೊತ್ತು ತಡ್ಕೊಂಡು, ಹಂಗಾದ್ರೆ ನೀನೇ ಓಡಿಸ್ಕಳಪ್ಪ ಅಂತ ಕೈ ಎತ್ತಿಬಿಡ್ತದೆ. ಅದರದ್ದೇನ್ ತಪ್ಪು?"

"ಇನ್ನು ಸರಿಹೋಗ್ತದಾ ಯಜಮಾನ್ರೆ?"

ಅವರು ಹಿಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಹೆಬ್ಬೆರಳು ಕೂರುವ ಜಾಗದಲ್ಲಿ ಕರಿಯ ಬಣ್ಣ ಸವೆದು ಬೆಳ್ಳಗಾಗಿತ್ತು. "ಕುಂಕುಮ ನಾನು ತೆಗ್ದೆ. ಇದನ್ನ ತೆಗ್ಯೋದು ನನ್ ಕೈಲಾಗಲ್ಲ. ಆಟೊಪೈಲಟ್ ಹಾಕಿದ್ ಮೇಲೂ ಇದನ್ನ ಹಿಡ್ಕೊಂಡೇ ಇರ್ತೀರಾ?"

"ಸುಮ್ನೆ ಕೈ ಇಟ್ಟಿರ್ತೀನಿ ಅಷ್ಟೆ."

"ಕುದುರೆ ಮೇಲೆ ಹೊಸಬ್ರು ಕೂತಾಗ್ಲೂ ಹಂಗೇ ಹೇಳೋರು, ಸುಮ್ನೆ ಹಿಡ್ದಿದೀನಿ ಅಂತ. ಬಾಯಿ ನೋಯೋದು ಕುದುರೇಗೆ," ಎಂದು ಸಿದ್ದಗಂಗಯ್ಯ ಕಾಫಿಗೆ ಹೇಳಲು ಒಳಗೆ ಹೋದರು. ವಾಪಸು ಬರುವಾಗ ಲಕ್ಷ್ಮೀಕಾಂತ ಬಸ್ಸಿನಲ್ಲಿ ಯಾರ ಜೊತೆಯೂ ಮಾತಾಡಲಿಲ್ಲ. ಚೀಲದ ಬಾಯಿ ಬಿಗಿಯಾಗಿ ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡಿದ್ದ.

ಸಂಜೆ ನಾಲ್ಕಕ್ಕೆ ಪರದೆಯ ಮೇಲೆ ವಿಮಾನ ಬೆಂಗಳೂರಿನಿಂದ ಹೊರಟಾಗ ಅಮ್ಮ ಹಿಂದೆ ಕೂತು ಬೆಲ್ಟು ಕಟ್ಟಿಕೊಂಡಾಗಿತ್ತು. ಮಂಜುಳ ತವರಿನ ಕಡೆಯ ಯಾರನ್ನೋ ನೋಡಿ ಬರುತ್ತೇನೆಂದು ಹೋಗಿದ್ದಳು. ಹೋಗುವಾಗ ಗ್ಯಾಸ್ ಸ್ಟವ್ ಆರಿಸಿದ್ದನ್ನು ಎರಡು ಸಲ ನೋಡಿ, ಇವನಿಗೆ ಏನನ್ನೂ ಒಪ್ಪಿಸದೆ ಹೋಗಿದ್ದಳು. ವಿಮಾನ ಮೋಡ ದಾಟಿ ಮೇಲೇರಿತು, ಹಸಿರು ದೀಪ ಹತ್ತಿತು. ಇವನು ಉಸಿರು ಬಿಗಿಹಿಡಿದು ದಿಗಂತವನ್ನೇ ನೋಡಿದ. ನೇರ. ಐದು ನಿಮಿಷ ನೇರ. ಆಮೇಲೆ ಮತ್ತೆ ಕೂದಲೆಳೆಯಷ್ಟು ಎಡಕ್ಕೆ ಬಂದದ್ದು ಕಂಡು ಅವನಿಗೆ ಅಳುವೇ ಬಂದಂತಾಯಿತು. ಕುಂಕುಮ ಹೋಯಿತು, ಸ್ಪಿರಿಟ್ಟೂ ಹಾಕಿಯಾಯಿತು, ಇನ್ನೇನು ಉಳಿಯಿತು ಎಂದುಕೊಳ್ಳುವಾಗ ಟಣ್ ಟಣ್ ಎಂದಿತು.

"ಕೈ ತೆಗ್ಯೋ ಅದ್ರ ಮೇಲಿಂದ," ಎಂದಳು ಹಿಂದಿನಿಂದ ಅಮ್ಮ. "ಬೆಳಿಗ್ಗೆಯಿಂದ ನೋಡ್ತಾವ್ನಿ, ಹಸು ಮೂಗುದಾರ ಹಿಡ್ಕಂಡಂಗೆ ಹಿಡ್ಕಂಡಿದೀಯ."

ನೋಡಿಕೊಂಡ. ಬಲಗೈ ಹಿಡಿಯನ್ನು ಬಿಗಿಯಾಗಿ ಹಿಡಿದು, ಗೆಣ್ಣುಗಳು ಬಿಳಚಿಕೊಂಡಿದ್ದವು. ಯಾವಾಗ ಹಿಡಿದೆನೆಂದು ಅವನಿಗೇ ತಿಳಿಯದು. ವಿಮಾನವನ್ನು ನೇರ ಮಾಡಿ, ಹಸಿರು ದೀಪವನ್ನು ಮತ್ತೆ ಹತ್ತಿಸಿ, ಕೈ ತೆಗೆದ. ತೆಗೆದ ಕೈ ತಾನಾಗಿ ಮತ್ತೆ ಅತ್ತ ಹೋಗುತ್ತಿತ್ತು. ಕೊನೆಗೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತ. ವಿಮಾನ ಹೋಗುತ್ತಲೇ ಇತ್ತು. ಹೈದರಾಬಾದು ಎಡಗಡೆ ಹಿಂದೆ ಸರಿಯಿತು. ನಾಗಪುರ ಬಂತು, ಬೆಳಿಗ್ಗೆ ಬಿದ್ದ ಜಾಗ ದಾಟಿತು, ಏನೂ ಆಗಲಿಲ್ಲ. ಮಾಡಲು ಒಂದು ಕೆಲಸವಾದರೂ ಇದ್ದಿದ್ದರೆ ಚೆನ್ನಾಗಿತ್ತು. ಕೈಗೆ ಕೆಲಸವಿಲ್ಲದೆ ಅವನಿಗೆ ತನ್ನ ಎದೆಯ ಸದ್ದು ಕೇಳಿಸತೊಡಗಿತು. ಬೆನ್ನ ಹಿಂದೆ ಕೋಡುಬಳೆ ಕಡಿಯುವ ಸದ್ದು, ಅದು ನಿಂತಾಗ ಅವಳ ಉಸಿರಿನ ಸದ್ದು. ಮೂರು ವರ್ಷದಿಂದ ಈ ಉಸಿರಿನ ಹತ್ತಿರ ಕೂತಾಗಲೆಲ್ಲ ಆಗುವ ನಾಚಿಕೆ ಈಗಲೂ ಆಯಿತು, ಇನ್ನು ತಡೆಯಲಾಗುವುದಿಲ್ಲ ಎನ್ನಿಸಿತು.

"ಅಮ್ಮ," ಎಂದ, ತಿರುಗದೆ. "ಆವಾಗ ಪುಣೆಗೆ ಹೋಗ್ಬೇಕಿತ್ತಲ್ಲ. ನಾನು ಹೋಗ್ಲಿಲ್ಲ. ಪ್ಲೇನ್ ಹತ್ತಿ ಇಳಿದ್ಬಿಟ್ಟೆ. ಭಯ ಆಯ್ತು."

"ಹೂಂ. ಏನಂತ ಹೇಳಿ ಇಳಿದೆ?"

"ಅಮ್ಮಂಗೆ ಹುಷಾರಿಲ್ಲ ಅಂತ."

"ಸುಳ್ಳು ಬೊಗಳ್ಬೇಡ. ಸತ್ತೋದ್ಲು ಅಂತ ಹೇಳಿದೀಯ."

ಲಕ್ಷ್ಮೀಕಾಂತನಿಗೆ ತಿರುಗಿ ನೋಡುವ ಧೈರ್ಯವಿರಲಿಲ್ಲ. ಪರದೆಯ ಗಾಜಿನ ಮೇಲೆ, ಮೋಡಗಳ ನಡುವೆ, ಅವಳ ಕನ್ನಡಕ ಮಾತ್ರ ಕಾಣುತ್ತಿತ್ತು.

"ನಿಮ್ ಫ್ಯಾಕ್ಟ್ರಿಯೋನು, ಬೆಟ್ಟಸ್ವಾಮಿ ಅಂತ, ಗುಬ್ಬಿಯೋನೇ ಅಲ್ವಾ? ಯಾರೋ ಮಾವನ ಮನೆ ತೋರಿಸವ್ರೆ. ಸುಗಂಧರಾಜದ ಹಾರ ಹಿಡ್ಕಂಡು ಬಂದ. ನಾನು ಜಗಲಿ ಮೇಲೆ ಅವರೆಕಾಯಿ ಬಿಡಿಸ್ತಾ ಕೂತಿದ್ದೆ. ರಂಗಮ್ಮನೋರು ಹೋಗ್ಬಿಟ್ರಂತೆ, ಕೇಳಿ ತುಂಬ ಬೇಜಾರಾಯ್ತು, ನೀವ್ಯಾರಾಗ್ಬೇಕು ಅಂತ ನನ್ನೇ ಕೇಳ್ದ."

"ಏನಂದೆ?"

"ಅವಳಕ್ಕ ಅಂದೆ. ಇನ್ನೇನ್ ಅನ್ಲಿ? ಫೋಟೋ ಕೊಡಿ, ಫ್ಲೆಕ್ಸ್ ಹಾಕಿಸ್ತೀವಿ ಅಂದ. ಅವಳು ಫೋಟೋ ತೆಗಿಸ್ಕತಿರ್ಲಿಲ್ಲ ಅಂದೆ. ಕಾಫಿ ಕುಡಿಸಿ ಕಳಿಸ್ದೆ. ಒಳ್ಳೆ ಹಾರ ಕಣೋ, ದೇವ್ರ ಪಟಕ್ಕೆ ಹಾಕ್ದೆ." ಅವಳು ಡಬ್ಬಿಯ ಮುಚ್ಚಳ ಹಾಕಿ ಹೇಳಿದಳು, "ಊರಿಗೆ ಬಂದು ನೋಡ್ತೀನಿ, ಮೀಸೆ ಸಮೇತ ಬೋಳಿಸ್ಕಂಡು ಕೂತಿದೀಯ. ಹರಕೆಯಂತೆ ಹರಕೆ."

"ಬೇಜಾರಾಗ್ಲಿಲ್ವಾ ಅಮ್ಮ?"

"ಆಗ್ದೆ ಇರ್ತದಾ? ಆವತ್ತೆಲ್ಲ ಅತ್ತೆ. ಹೊಟ್ಟೇಲಿ ಹುಟ್ಟಿದೋನು ಹಿಂಗ್ ಅಂದ್ನಲ್ಲ ಅಂತ." ಕುರ್ಚಿ ಕಿರುಗುಟ್ಟಿತು. "ಆಮೇಲೆ ಅಂದ್ಕಂಡೆ, ಭಯ ಆದಾಗ ಅಮ್ಮನ್ನ ತಾನೇ ಕೂಗ್ಬೇಕು ಮಕ್ಳು? ಇವ್ನು ಹಿಂಗೆ ಕೂಗವ್ನೆ ಬುಡು, ಅಂತ."

ಅವನು ತೊಡೆಯ ಕೆಳಗಿನ ಕೈಗಳ ಮೇಲೆ ಹಾಗೆಯೇ ಕೂತು ಅತ್ತ. ಕಣ್ಣು ಒರೆಸಿಕೊಳ್ಳಲು ಕೈ ತೆಗೆದರೆ ಅದು ಎಲ್ಲಿಗೆ ಹೋಗುತ್ತದೋ ಎಂಬ ಭಯಕ್ಕೆ ಒರೆಸಿಕೊಳ್ಳಲೂ ಇಲ್ಲ. ವಿಮಾನ ತನ್ನ ಪಾಡಿಗೆ ಕೆಳಗಿಳಿಯತೊಡಗಿತ್ತು. ಕೆಳಗೆ ಬೂದುಬಣ್ಣದ ಒಂದು ದೊಡ್ಡ ನದಿ ಬಾಗಿ ಹರಿಯುತ್ತಿತ್ತು. ಅದೇನಾ ಎಂದು ಅಮ್ಮ ಕೇಳಿದಳು, ಅದೇ ಎಂದ. ಅವಳು ಕೂತಲ್ಲೇ ಪರದೆಗೆ ಕೈ ಮುಗಿದದ್ದು ಗಾಜಿನಲ್ಲಿ ಕಂಡಿತು.

"ಗುರುವಾರ ಆ ನೆಪ ನಡ್ಯಲ್ಲ ಕಣೋ," ಎಂದಳು. "ಪಕ್ಕದ ಸೀಟಲ್ಲೇ ಕೂತಿರ್ತೀನಿ, ಯಾರೂ ನಂಬಲ್ಲ. ನಂಗೂ ಭಯ ಐತೆ. ನೀನಿಲ್ದಿದ್ರೆ ನಾನು ಹತ್ತೋಳಲ್ಲ. ಹತ್ತೀಯ ತಾನೇ?"

"ಹೂಂ."

"ಹೂಂ ಅನ್ಬೇಡ."

ಚಕ್ರಗಳು ನೆಲ ಮುಟ್ಟಿದ ಸದ್ದಾಯಿತು. ಲಕ್ಷ್ಮೀಕಾಂತ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದ.

"ಹತ್ತೀನಮ್ಮ," ಎಂದ.

ಅವಳು ಬೆಲ್ಟು ಬಿಚ್ಚಿಕೊಳ್ಳುವ ಮುಂಚೆ ಡಬ್ಬಿಯಲ್ಲಿ ಉಳಿದಿದ್ದ ಕೋಡುಬಳೆಯನ್ನು ತೆಗೆದು ಅವನ ಬಲಗೈಗೆ ಕೊಟ್ಟಳು.